ಸುಮ್ಮನೆ ಹಿಡಿದುಕೊಳ್ಳುವ ಅಪ್ಪ

ಭಾನುವಾರ ಬೆಳಿಗ್ಗೆ ಬಡಗಿಯಮ್ಮನ ಶೆಡ್ಡಿನಲ್ಲಿ ಮಕ್ಕಳು ಮರಗೆಲಸ ಕಲಿಯಲು ಸೇರುತ್ತಾರೆ. ಅವರೆಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿಕೊಂಡು ಬಂದು ನಿಲ್ಲುವವನು ಪುಟ್ಟಿಯ ಅಪ್ಪ. "ಎಲ್ಲಾ ನೀನೇ ಮಾಡ್ಬೇಕು ಪುಟ್ಟಿ, ನಾನು ಸುಮ್ನೆ ಹಿಡ್ಕೊಂಡಿರ್ತೀನಿ ಅಷ್ಟೆ" ಎಂಬುದು ಅವನ ಪಲ್ಲವಿ. ಹಲಗೆ ಹಿಡಿಯಲು ಹೋದ ಕೈ ಗರಗಸವನ್ನು ಹಿಡಿಯುತ್ತದೆ, ಆಮೇಲೆ ಸುತ್ತಿಗೆಗೆ ಬೇಸರವಾಗಬಾರದೆಂದು ಅದನ್ನೂ ಹಿಡಿಯುತ್ತದೆ. ಪುಟ್ಟಿಯ ಪಾಲಿಗೆ ಉಳಿಯುವುದು ಮೊಳೆಯ ಡಬ್ಬಿ ಹೊರುವ ಘನಕಾರ್ಯ. ವಾರವಿಡೀ ಕಚೇರಿಯಲ್ಲಿ ಬೇರೆಯವರ ಕಡತಕ್ಕೆ ಸಹಿ ಹಾಕುವ ಮನುಷ್ಯ ಇಲ್ಲಿ ಬೆವರು ಒರೆಸಿಕೊಂಡು, ತಾನೇ ಮಾಡಿ ಮುಗಿಸಿದ ಸ್ಟೂಲನ್ನು ಎತ್ತಿ ಹಿಡಿದು, "ನೋಡಿ, ನಮ್ಮ ಹುಡುಗಿ ಮಾಡಿದ್ದು" ಎಂದು ಎಲ್ಲರಿಗೂ ತೋರಿಸುತ್ತಾನೆ. "ಮುಂದಿನ ವಾರ ಮಗುವನ್ನ ಮನೇಲೇ ಬಿಟ್ಟು ಬನ್ನಿ, ಪಾಪ, ನಿಂತು ನಿಂತು ಕಾಲು ನೋಯತ್ತೆ" ಎಂದು ಬಡಗಿಯಮ್ಮ ಅಂದರೆ ಅದನ್ನೂ ಹೊಗಳಿಕೆಯೆಂದೇ ತಿಳಿಯುತ್ತಾನೆ. ಕಳೆದ ವಾರ ಅವನು ಕಪಾಟಿಗೆ ಬಾಗಿಲು ಕೂರಿಸುತ್ತ ಮೈಮರೆತಿದ್ದಾಗ ಪುಟ್ಟಿ ಮೂಲೆಯಲ್ಲಿ ಕೂತು ಚೂರು ಹಲಗೆಗೊಂದು ಮೊಳೆ ಬಡಿದಳು. "ಇದು ನಿಮಗೆ ಅಪ್ಪ, ಅಂಗಿ ನೇತುಹಾಕಕ್ಕೆ. ನಿಮಗೆ ಬಿಡುವಿರ್ಲಿಲ್ಲ, ಅದಕ್ಕೆ ನಾನೊಬ್ಳೇ ಮಾಡ್ದೆ." ಮೊಳೆ ಸೊಟ್ಟಗೆ ತಲೆ ತಗ್ಗಿಸಿ ನಿಂತಿತ್ತು. ಮನೆಗೆ ಬಂದು ಅಪ್ಪ ಆ ಹಲಗೆಯನ್ನು ಗೋಡೆಗೆ ಹಾಕಿ ಅಂಗಿ ತಗುಲಿಸಿದ; ಜಾರಿ ಬಿತ್ತು. ಮತ್ತೆ ತಗುಲಿಸಿದ, ಮತ್ತೆ ಬಿತ್ತು. ಸುತ್ತಿಗೆಯ ಒಂದೇ ಏಟಿಗೆ ನೆಟ್ಟಗಾಗುವ ಮೊಳೆ ಅದು. ಬಾಗಿಲ ಬಳಿ ನಿಂತು ಪುಟ್ಟಿ ನೋಡುತ್ತಿದ್ದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಇದಕ್ಕೇನು ಮಾಡ್ಬೇಕೋ ನಂಗೆ ಗೊತ್ತಾಗ್ತಿಲ್ಲ ಪುಟ್ಟಿ, ನೀನೇ ಸ್ವಲ್ಪ ನೋಡ್ತೀಯಾ?" ಎಂದ.