ಚಡ್ಡಿ ತಿಂದ ಹೊಲ

ಕುಷ್ಟಗಿ ಕಡೆಯ ವೆಂಕೋಬನಿಗೆ ಇರುವುದು ಎರಡು ಹೊಲ, ಒಂದು ತಿಪ್ಪೆ. ಮೇಲಿನ ಹೊಲವೂ ಕೆಳಗಿನ ಹೊಲವೂ ಮೂರು ವರ್ಷಗಳಿಂದ ಸೊರಗಿದ್ದವು. ತಿಪ್ಪೆಯ ಗೊಬ್ಬರ ಒಂದಕ್ಕೆ ಮಾತ್ರ ಸಾಲುತ್ತಿತ್ತು. ಯಾವುದಕ್ಕೆ?

ಊರೂರು ತಿರುಗಿ ರೈತರಿಗೆ ತಿಳಿಹೇಳುವ ಕೃಷಿ ಸಖಿ ಗೀತಾ ಒಂದು ಉಪಾಯ ಹೇಳಿದಳು. ಎರಡೂ ಕಡೆ ಒಂದೊಂದು ಹೊಸ ಹತ್ತಿಯ ಚಡ್ಡಿ ಹೂಳಬೇಕು, ಎರಡು ತಿಂಗಳಿಗೆ ಅಗೆಯಬೇಕು. ಮಣ್ಣೊಳಗಿನ ಕಣ್ಣಿಗೆ ಕಾಣದ ಜೀವಿಗಳು ಹತ್ತಿ ತಿನ್ನುತ್ತವೆ. ಎಷ್ಟು ತಿಂದಿವೆಯೋ ನೋಡೋಣ ಎಂದಳು. ಬಿತ್ತನೆ ಮುಗಿದ ದಿನವೇ ವೆಂಕೋಬ ಹೂತು, ಗುರುತಿಗೆ ಗೂಟ ನೆಟ್ಟ. ಮಣ್ಣಿನ ಮಾನ ಅಳೆಯಲು ತನ್ನ ಮಾನ ಮುಚ್ಚುವುದನ್ನೇ ಕೊಟ್ಟೆನೆಂದು ಹೇಳಲು ನಾಚಿ, ಹೆಂಡತಿ ಹುಲಗಮ್ಮನಿಗೂ ತಿಳಿಸಲಿಲ್ಲ.

ಅರವತ್ತನೆಯ ದಿನ ಅಗೆದ. ಮೇಲಿನ ಹೊಲದಲ್ಲಿ ನಾಲ್ಕು ಚಿಂದಿ, ಒಂದು ಇಲಾಸ್ಟಿಕ್ ಪಟ್ಟಿ. ಕೆಳಗಿನ ಹೊಲದಲ್ಲಿ ಮಾವಿನ ಸಸಿ ನೆಡುವಷ್ಟು ಗುಂಡಿ ತೋಡಿದರೂ ಏನೂ ಇಲ್ಲ. ಇಲಾಸ್ಟಿಕ್ಕನ್ನೂ ಬಿಡದಷ್ಟು ಹಸಿವು! ಪಾಪ, ಇದಕ್ಕೇ ಉಣಿಸಬೇಕೆಂದು ಸುಗ್ಗಿಯಾದ ಮೇಲೆ ಗೊಬ್ಬರದ ಟ್ರ್ಯಾಕ್ಟರನ್ನು ಕೆಳಗಿನ ಹೊಲಕ್ಕೆ ಹೊರಡಿಸಿದ.

ಅಗೆದಾಗ ಕಂಡದ್ದನ್ನು ಅವನಿಂದ ಕೇಳಿ ಗೀತಾ ದಾರಿಯಲ್ಲೇ ತಡೆದಳು. ಹೆಚ್ಚು ತಿಂದದ್ದು ಗಟ್ಟಿಮುಟ್ಟಾದ ಹೊಲವಂತೆ, ಕಡಿಮೆ ತಿಂದದ್ದೇ ಬಡವಾದದ್ದಂತೆ.

"ಹಸಿದಿದ್ದಕ್ಕ ತಿಂತೈತಲ್ಲ ತಂಗಿ?"

"ಜಡ್ಡಾದಾವ್ರು ಎಲ್ಲಿ ಉಣ್ತಾರ್ರಿ ಕಾಕಾ?"

ಟ್ರ್ಯಾಕ್ಟರ್ ಮೇಲಿನ ಹೊಲದತ್ತ ತಿರುಗಿತು. ಆದರೆ ಗೀತಾಳಿಗೇ ಈಗ ತಲೆ ತಿರುಗತೊಡಗಿತ್ತು. ಇಲಾಸ್ಟಿಕ್ ತಿನ್ನುವ ಜೀವಿಯ ಬಗ್ಗೆ ಅವಳ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಬುತ್ತಿ ಹೊತ್ತು ಬಂದ ಹುಲಗಮ್ಮ ಚಡ್ಡಿಯ ಮಾತು ಕೇಳಿ ಗಂಟು ಇಳಿಸಿದಳು. ಬೆಳೆಯ ಸಾಲುಗಳ ನಡುವೆ ಎರಡನೆಯ ಸಲ ಎಡೆಕುಂಟೆ ಹೊಡೆದ ದಿನ, ಅಂದರೆ ಹೂತು ನಲವತ್ತು ದಿನಕ್ಕೆ, ಕೆಳಗಿನ ಹೊಲದಲ್ಲಿ ಕಳೆ ಕೀಳುವಾಗ ಅವಳಿಗದು ಸಿಕ್ಕಿತ್ತು. ಗಂಡನ ಚಡ್ಡಿ ಮಣ್ಣಲ್ಲಿ ಹೂತಿದ್ದಾರೆಂದರೆ ಮಾಟವಲ್ಲದೆ ಇನ್ನೇನು? ಮೂರು ದಾರಿ ಕೂಡುವಲ್ಲಿ ಎಸೆದು, ತಿರುಗಿ ನೋಡದೆ ಬಂದಿದ್ದಳು. ಗಂಡ ಹೆದರಿಯಾನೆಂದು ಬಾಯಿ ಬಿಟ್ಟಿರಲಿಲ್ಲ.

"ಹರದಿತ್ತೇನು ಚಿಗವ್ವ?" ಗೀತಾ ಕೇಳಿದಳು.

"ಎಲ್ಲಿ ಹರದಿತ್ತವಾ? ಒಗದು ಕೊಟ್ಟಿದ್ರ ಹಾಕ್ಕೊಂಡು ಕುಷ್ಟಗಿ ಸಂತಿಗೆ ಹೋಗಿ ಬರ್ತಿದ್ರು."

ಹಾಗಾದರೆ ಹೆಚ್ಚು ಸೊರಗಿದ್ದು ಕೆಳಗಿನದೇ ಎಂದಳು ಗೀತಾ. ಟ್ರ್ಯಾಕ್ಟರ್ ಮತ್ತೆ ಕೆಳಗೆ ತಿರುಗಿತು. ಗೊಬ್ಬರ ಸುರಿಯುವಾಗ ವೆಂಕೋಬ ಹೆಂಡತಿಯ ಹತ್ತಿರ ಸರಿದು ಕೇಳಿದ:

"ಅಂದ್ರ, ನಾ ಮೊದ್ಲ ಹೇಳಿದ್ದ ಖರೇ ಇತ್ತೋ, ಸುಳ್ಳಿತ್ತೋ?"

"ಗೊಬ್ಬರ ಹರವ್ರಿ ಸುಮ್ನ," ಎಂದು ಹುಲಗಮ್ಮ ಸಲಿಕೆ ಕೈಗಿಟ್ಟಳು.