ಎತ್ತಿದ ಸಂಕ

ಮೂಡಿಗೆರೆಯ ಹಳೆ ಸಾಮಾನಿನ ಅಂಗಡಿಯಿಂದ ತಂದ ಮೇಜಿನ ಡ್ರಾಯರಿನಲ್ಲಿ ಆ ಚಿತ್ರ ಸಿಕ್ಕಿತ್ತು. ಹತ್ತೊಂಬತ್ತನೇ ಶತಮಾನದ ಹಾಲೆಂಡಿನ ಒಂದು ರೇಖಾಚಿತ್ರದ ಅಚ್ಚುಪ್ರತಿ. ಕಾಲುವೆಯ ಮೇಲೆ ಎತ್ತಿ ನಿಲ್ಲಿಸಿದ ಸೇತುವೆ, ಕೆಳಗೆ ಹಾದುಹೋಗುವ ದೋಣಿ, ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು, ಸರಪಳಿ ಹಿಡಿದು ನಿಂತ ಒಬ್ಬ ಗಂಡಸು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಆ ಸರಪಳಿಯವನು ನಾನೇ ಎಂದು ಹೆಂಡತಿಯ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಅದಕ್ಕೆ ಕಾರಣವಿತ್ತು. ನಮ್ಮ ತೋಟದ ಅಂಚಿನ ಹಳ್ಳಕ್ಕೆ ಹಲಗೆಯ ಸಂಕವೇ ಸೇತುವೆ. ಮಳೆ ಹಿಡಿಯುವಾಗ ಹಲಗೆಗಳನ್ನು ಎತ್ತಿಡದಿದ್ದರೆ ನೆರೆಗೆ ಹೋಗುತ್ತವೆ. ಎತ್ತುವ ಮೊದಲು ಮೂರು ಸಲ ಕೂ ಹಾಕಿ, ದಾಟುವವರಿಲ್ಲ, ಎತ್ತಬಹುದು ಎಂದು ಆಚೆ ದಡದಿಂದ ಕೂ ಬರುವವರೆಗೆ ಕಾಯುವುದು ರೂಢಿ. ಆಚೆ ಇದ್ದದ್ದು ಒಂದೇ ಮನೆ. ನಮ್ಮಲ್ಲಿ ಕಾಫಿ ಕೊಯ್ಯಲು ಬರುತ್ತಿದ್ದ ಹೆಂಗಸು, ಉಬ್ಬಸದಿಂದ ನರಳುತ್ತಿದ್ದ ಅವಳ ತಾಯಿ.

ಕಳೆದ ವರ್ಷ ಮಳೆ ಬೇಗ ಹಿಡಿಯಿತು. ಕೂ ಹಾಕಿದೆ. ಉತ್ತರ ಬರಲಿಲ್ಲ.

"ಸ್ವಲ್ಪ ತಡೀರಿ, ಹಳ್ಳದ ಸದ್ದಿಗೆ ಕೇಳಿರ್ಲಿಕ್ಕಿಲ್ಲ," ಎಂದಳು ಹೆಂಡತಿ.

"ಹಲಗೆ ಹೋದ್ಮೇಲೆ ತಡೀತಾ ಕೂತ್ಕೋ ಮಾರಾಯ್ತಿ," ಎಂದು ರೇಗಿ ಎತ್ತತೊಡಗಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

ಕೊನೆಯ ಹಲಗೆ ಎಳೆದು ತಲೆ ಎತ್ತಿದರೆ ಆಚೆ ಮನೆಯವಳು ನಿಂತಿದ್ದಳು, ಉಸಿರಿಗೆ ಒದ್ದಾಡುವ ತಾಯಿಯನ್ನು ಬೆನ್ನ ಮೇಲೆ ಹೊತ್ತು. ಹಲಗೆ ಮತ್ತೆ ಹಾಕಲು ನೋಡಿದೆವು. ನೀರು ಕಿತ್ತುಕೊಂಡಿತು. ಅವಳು ಕಾಡಿನ ಸುತ್ತುದಾರಿ ಹಿಡಿದಳು, ಕಳಸದ ರಸ್ತೆಯ ಕಡೆಗೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ನನ್ನ ಕೂ ಕೇಳಿ ಅವಳು ಸಂಕಕ್ಕೆ ಬರುವ ದಾರಿಯಿಂದಲೇ ತಡೆಯಿರೆಂದು ಕೂಗಿದ್ದಳು, ಹಳ್ಳದ ಸದ್ದಿಗೆ ನಮಗೆ ಕೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಸಂಕ ಇದ್ದಿದ್ದರೂ ಉಳಿಯುವುದು ಕಷ್ಟವಿತ್ತು ಎಂದರಂತೆ ಡಾಕ್ಟರು. ಅದನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಚಿತ್ರದ ಗಾಜಿನ ಬೂಷ್ಟು ಒರೆಸುವಾಗ ಕಂಡಿತು. ಎತ್ತಿದ ಸೇತುವೆಯ ಆಚೆ, ಇಷ್ಟು ವರ್ಷ ನಾನು ಕಂಬವೆಂದುಕೊಂಡಿದ್ದ ಗೆರೆ ಒಬ್ಬ ಹೆಂಗಸು. ಬುಟ್ಟಿ ಹಿಡಿದು ಕಾಯುತ್ತಿದ್ದಾಳೆ. ಚಿತ್ರವನ್ನು ಇಳಿಸಿಟ್ಟೆ.

ಈ ಸಲ ಮಳೆ ಹಿಡಿದಾಗ ಮೂರು ಸಲ ಕೂ ಹಾಕಿ ಕಾದೆ. ಅವಳು ಅಂಗಳದಲ್ಲೇ ಇದ್ದಳು. ಮತ್ತೆ ಹಾಕಿದೆ. ತಲೆ ಎತ್ತಿ ನೋಡಿ, ಸೌದೆ ಎತ್ತಿಕೊಂಡು ಒಳಗೆ ಹೋದಳು. ನಾನು ಹಲಗೆ ಎತ್ತದೆ ಅಲ್ಲೇ ನಿಂತೆ. ಸಂಜೆಯ ಹೊತ್ತಿಗೆ ಹಲಗೆಗಳು ಒಂದೊಂದಾಗಿ ನೀರಿಗೆ ಹೋದವು.