ಅತ್ತಿಗೆಯ ಮುಂದೆ ಬಿಟ್ಟುಹೋದ ನೋಟ್‌ಬುಕ್

ಚೈತ್ರಾ, ಹರ್ಷ — ಒಬ್ಬ ಹುಡುಗಿಯ ಕಾಯಿಲೆಯ ಗುಟ್ಟನ್ನು ಊರಿಗೆ ಬಿಟ್ಟುಕೊಟ್ಟವಳು ನಾನು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನನ್ನ ಮೇಲೆ ನನಗೆ ಇಷ್ಟು ಹೇಸಿಗೆ ಹುಟ್ಟುತ್ತಿರಲಿಲ್ಲವೇನೋ. ಆಮೇಲೆ ಆ ತಪ್ಪನ್ನು ಊರವರು ಇನ್ನೊಬ್ಬಳ ತಲೆಗೆ ಕಟ್ಟಿದರು. ಕಟ್ಟುವಾಗ ನಾನು ಅಲ್ಲೇ ನಿಂತಿದ್ದೆ.

ಮಾತು ಕಡಿಮೆ, ನಾಚಿಕೆ ಸ್ವಭಾವ ಎಂದು ನನಗೆ ಹೆಸರಿದೆ. ನಿಮ್ಮ ತಾತ ತೀರಿಕೊಂಡ ಮೇಲೆ ಅದು ಇನ್ನೂ ಗಟ್ಟಿಯಾಯಿತು. "ನಮ್ಮಜ್ಜಿ ಪಾಪ" ಎಂದು ನೀವೂ ಅನ್ನುತ್ತೀರಿ. ಮೊನ್ನೆ ಚೈತ್ರಾ ಬಂದು, ತನ್ನ ನರ್ಸಿಂಗ್ ಕಾಲೇಜಿನವರು ನಮ್ಮೂರಲ್ಲಿ ಆರೋಗ್ಯದ ಸರ್ವೆ ಮಾಡುತ್ತಾರೆ, ಮನೆ ಮನೆಗೆ ನೀನೂ ಜೊತೆಗೆ ಬಾ ಎಂದು ಕರೆದಳು. "ಹೆಸ್ರು ಹಾಕಲ್ಲ ಅಜ್ಜಿ, ಬರೀ ನಂಬರ್ರು. ಯಾರಿಗೂ ಗೊತ್ತಾಗಲ್ಲ" ಎಂದಳು. ನಂಬರಂತೆ! ನಾನು ಮೊಣಕಾಲು ನೋವು ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಮೊಣಕಾಲಿಗೆ ಏನೂ ಆಗಿಲ್ಲ.

ನೀವಿಬ್ಬರೂ ಹುಟ್ಟುವ ಮೊದಲಿನ ಮಾತು. ಅಟ್ಟದ ಮೇಲೆ ಒಂದು ವರ್ಷ ಒಣಗಿದ ತೆಂಗಿನಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು ಕೊಬ್ಬರಿ ತೆಗೆಯುವ ಹೆಂಗಸರಿಗೆ ಯಾಕೆ ಅಷ್ಟು ಕೆಮ್ಮು, ಆ ಧೂಳು ಎದೆಗೆ ಏನು ಮಾಡುತ್ತದೆ ಎಂದು ತಿಳಿಯಲು ಸಂಶೋಧನೆಯವರು ಬಂದರು. ಬಂದವಳು ಒಬ್ಬ ಹುಡುಗಿಯಂಥ ಡಾಕ್ಟರು. ಮೇಡಂ ಎನ್ನುತ್ತಿದ್ದೆವು. ಏಳನೇ ಕ್ಲಾಸು ಓದಿದವಳೆಂದು ನನ್ನನ್ನು ಜೊತೆಗೆ ಇಟ್ಟುಕೊಂಡಳು. ನಮ್ಮ ಜಗಲಿಯಲ್ಲೇ ರಕ್ತ ತೆಗೆಯುತ್ತಿದ್ದಳು, ಊದಿಸಿ ಉಸಿರು ಅಳೆಯುತ್ತಿದ್ದಳು, ಪ್ರಶ್ನೆ ಕೇಳುತ್ತಿದ್ದಳು. ಕಾಗದದ ಮೇಲೆ ನಂಬರು ಮಾತ್ರ. ಯಾವ ನಂಬರು ಯಾರದು ಎಂಬ ಪಟ್ಟಿ ಅವಳ ಬೀಗದ ಪೆಟ್ಟಿಗೆಯಲ್ಲಿ.

"ಹೆಸರು ಎಲ್ಲೂ ಬರೀಬೇಡಿ ಅಮ್ಮ. ನಂಬಿ ಹೇಳ್ತಾರೆ. ನೀವು ಕೇಳಿಸ್ಕೊಂಡಿದ್ದು ಈ ಜಗಲಿ ಇಳೀಬಾರ್ದು" ಎಂದಳು. ನಾನು ರುಜು ಹಾಕಿದೆ. ದುಂಡಗೆ, ಚೆಂದವಾಗಿ.

ಹೆಸರು ಬರೆಯಲಿಲ್ಲ, ನಿಜ. ಆದರೆ ಆರು ತಿಂಗಳು ಬಿಟ್ಟು ಅದೇ ಹೆಂಗಸರನ್ನು ಅದೇ ನಂಬರಿಗೆ ಕರೆತರಬೇಕಿತ್ತು, ಮಾತ್ರೆ ನುಂಗುವವರಿಗೆ ಚೀಟಿ ತರಲು ನೆನಪಿಸಬೇಕಿತ್ತು. ಮರೆತರೆ ಮೇಡಂ ಮುಂದೆ ಅವಮಾನ ಅಲ್ಲವೇ — ಓದಿದವಳು ನಾನು! ಅವಳಿಗೆ ಗೊತ್ತಾಗದಂತೆ ಒಂದು ನೋಟ್‌ಬುಕ್ ಇಟ್ಟೆ. ನಮ್ಮಲ್ಲಿ ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡರೂ ಅಟ್ಟ ಒಂದೇ ಇರುತ್ತಿತ್ತು. ಕಾಯಿ ಬೆರೆಯಬಾರದೆಂದು ಒಂದೊಂದು ಮನೆಯವರು ಒಂದೊಂದು ಗುರುತನ್ನು ಮಚ್ಚಿನಿಂದ ಕಾಯಿಯ ಮೇಲೆ ಗೀರುತ್ತಿದ್ದರು. ಒಂದು ಮನೆಗೆ ಎರಡು ಗೀರು, ಒಂದಕ್ಕೆ ಕತ್ತರಿ ಗೀರು, ಒಂದಕ್ಕೆ ಮೂಲೆ. ನಾನು ನಂಬರಿನ ಎದುರಿಗೆ ಆ ಗುರುತು ಹಾಕಿ, ಪಕ್ಕದಲ್ಲಿ ಅತ್ತೆಯೋ ಸೊಸೆಯೋ ಮಗಳೋ ಎಂದು ಬರೆದು, ಮಾತ್ರೆಯ ಹೆಸರು ಬರೆದೆ. ಹೆಸರು ಬರೆದಿಲ್ಲವಲ್ಲ ಎಂದು ಬೀಗಿದೆ. ಮೂಗು ಒರೆಸಿಕೊಳ್ಳಲು ಬಾರದ ಮಗುವೂ ನಮ್ಮೂರಲ್ಲಿ ಆ ಗುರುತು ನೋಡಿ ಮನೆ ಹೇಳುತ್ತಿತ್ತು.

ಆ ಹುಡುಗಿ ಬಂದ ದಿನ ಮೇಡಂ ಕಾಯಿಲೆಯ ವಿಷಯ ಕೇಳಿದಾಗ ಅವಳು ನನ್ನ ಕಡೆ ನೋಡಿ ತಡೆದಳು. ಈ ಅಮ್ಮ ಹೊರಗೆ ಹೋಗಬೇಕಾ ಎಂದು ಮೇಡಂ ನನ್ನನ್ನು ತೋರಿಸಿ ಕೇಳಿದಳು.

"ಇರ್ಲಿ ಬುಡಿ ಮೇಡಂ. ಜಯಕ್ಕ ನಮ್ಮೋಳೇ" ಎಂದಳು.

ನಮ್ಮೋಳೇ. ಚಿಕ್ಕಂದಿನಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಳು. ಅಂಟುವ ಕಾಯಿಲೆಯಲ್ಲ, ಮಾತ್ರೆ ಬಿಡದಿದ್ದರೆ ಅದರ ಪಾಡಿಗೆ ಅದು ಇರುವಂಥದು. ಹೆಸರು ಹೇಳಿದರೆ ಮಾತ್ರ ಗಂಡಿನ ಕಡೆಯವರು ಎದ್ದು ಹೋಗುವಂಥದು.

ಎರಡು ತಿಂಗಳಿಗೆ ನನ್ನ ತವರು ದಬ್ಬೇಘಟ್ಟದಿಂದ ಅತ್ತಿಗೆ, ಅಣ್ಣನ ಹೆಂಡತಿ, ಬಂದಳು. ಮಗನಿಗೆ ಆ ಹುಡುಗಿಯನ್ನೇ ಕೇಳಿದ್ದರು. ಹೆಚ್ಚುಕಡಿಮೆ ಗಟ್ಟಿಯಾಗಿತ್ತು.

"ಹುಡ್ಗಿ ಹೆಂಗೇ ಜಯಾ? ನಿಮ್ಮೂರೋಳು, ನಿಂಗೊತ್ತಿಲ್ದೆ ಇರುತ್ತಾ?"

"ಒಳ್ಳೆ ಹುಡ್ಗಿ ಅತ್ಗೆ."

"ಒಳ್ಳೇದು ಅಂತ ಹಸೂಗೂ ಹೇಳ್ತಾರೆ ಕಣೇ. ರಕ್ತ ತೆಗ್ಯೋರ ಜೊತೆ ಮನೆಮನೆ ತಿರುಗ್ತೀಯಂತೆ, ಹಿಂಗ್ ಬಾಯ್ಗೆ ಹೊಲಿಗೆ ಹಾಕ್ಕೊಂಡೇನಾ ತಿರುಗೋದು?"

"ಹೇಳಂಗಿಲ್ಲ ಅತ್ಗೆ. ರುಜು ಹಾಕಿವ್ನಿ."

ಹೇಳುವಂತಿಲ್ಲ ಎಂದೆ ನೋಡಿ — ಅಲ್ಲಿಗೇ ಅರ್ಧ ಹೇಳಿದಂತಾಯಿತು. ಅವಳ ಕಣ್ಣು ಸಣ್ಣಗಾಯಿತು. "ನಾಳೆ ಏನಾದ್ರೂ ಆದ್ರೆ ನಿಮ್ಮಣ್ಣ ನಿನ್ನ ಹೊಸ್ಲು ತುಳಿಯಕ್ ಬುಡಲ್ಲ, ತಿಳ್ಕೋ" ಎಂದಳು.

ನನಗೆ ತವರಿನ ಭಯ. ಗೌರಿ ಹಬ್ಬಕ್ಕೆ ಬರುವ ಬಾಗಿನ ತಪ್ಪೀತು ಎಂಬ ಭಯ. ಅಷ್ಟೇ ನನ್ನ ದೊಡ್ಡತನ. ಒಳಗಿನಿಂದ ನೋಟ್‌ಬುಕ್ ತಂದು, ಯಾವುದೋ ಲೆಕ್ಕ ನೋಡುವವಳಂತೆ ಆ ಹಾಳೆ ತೆರೆದು, ಹಾಗೇ ಚಾಪೆಯ ಮೇಲೆ ಬಿಟ್ಟು, "ಕಾಫಿ ಇಡ್ತೀನಿ ಅತ್ಗೆ" ಎಂದು ಎದ್ದೆ. ಹಾಲು ಉಕ್ಕಿತು, ಆರಿತು. ಆದರೂ ಹೊರಗೆ ಬರಲಿಲ್ಲ. ಪ್ರತಿವರ್ಷ ನಮ್ಮ ಅಟ್ಟದ ಕಾಯಿ ಒಡೆಯಲು ಬಂದು ಕೂರುತ್ತಿದ್ದವಳು ಅತ್ತಿಗೆ. ಗುರುತು ಓದಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾತ್ರೆಯ ಹೆಸರನ್ನು ತಿಪಟೂರಿನ ಯಾವ ಔಷಧದ ಅಂಗಡಿಯಲ್ಲಿ ಕೇಳಿದರೂ ಸಾಕು.

ಕಾಫಿ ಕುಡಿದು, "ಸಕ್ರೆ ಜಾಸ್ತಿ ಆಯ್ತು ಕಣೇ" ಎಂದಳು. ಮುಂದಿನ ಬಸ್ಸಿಗೆ ಹೋದಳು. ನಾನು ಏನೂ ಹೇಳಲಿಲ್ಲ ಎಂದು ನಾನು, ಏನೂ ಕೇಳಲಿಲ್ಲ ಎಂದು ಅವಳು. ಎಂಥ ಮಾನವಂತರು ಇಬ್ಬರೂ!

ಮದುವೆ ಮುರಿಯಿತು. ಕಾರಣ ದಬ್ಬೇಘಟ್ಟದಿಂದ ತಿರುಗಿ ನಮ್ಮೂರಿಗೇ ಬಂತು. ಊರವರು ಹಾಲಿನ ಡೈರಿ ಮುಂದೆ ಮೇಡಂ ಅನ್ನು ತಡೆದು ನಿಲ್ಲಿಸಿದರು. ತನ್ನ ಪೆಟ್ಟಿಗೆಯ ಬೀಗ ಯಾರೂ ತೆಗೆದಿಲ್ಲ ಎಂದು ಅವಳು ಹೇಳುತ್ತಲೇ ಇದ್ದಳು.

"ಪೆಟ್ಗೆಗ್ ಹಾಕಿದ್ರಿ ಸರಿ, ಬಾಯ್ಗೆ ಹಾಕಿದ್ರಾ ಬೀಗಾನ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಅದರಲ್ಲಿ ಅರ್ಧ ಜನ ಆ ವಾರವೆಲ್ಲ ಅದೇ ಹುಡುಗಿಯ ಮಾತ್ರೆಯನ್ನು ಎಲೆ ಅಡಿಕೆಯಂತೆ ಜಗಿದವರು.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದಳು. "ಅಮ್ಮ, ನೀವೇನಾದ್ರೂ ಎಲ್ಲಾದ್ರೂ ಬರೆದಿಟ್ಟಿದ್ರಾ?"

"ಇಲ್ಲ ಮೇಡಂ."

ಅಷ್ಟೇ. ನೋಟ್‌ಬುಕ್ಕನ್ನು ಆ ಬೆಳಿಗ್ಗೆಯೇ ಬಚ್ಚಲ ಒಲೆಗೆ ಹಾಕಿದ್ದೆ. ಅವಳು ನನ್ನ ಮುಖ ನೋಡಿದಳು — ನಂಬಿದಳೋ ಇಲ್ಲವೋ... ಅವಳನ್ನು ಆ ಕೆಲಸದಿಂದ ತೆಗೆದರೆಂದು ಆಮೇಲೆ ಕೇಳಿದೆ. ಒಬ್ಬ ಹೆಂಗಸೂ ಮತ್ತೆ ರಕ್ತ ಕೊಡಲಿಲ್ಲ. ಸಂಶೋಧನೆ ಅಲ್ಲಿಗೆ ನಿಂತಿತು. ಈಗಲೂ ಕಾಯಿ ಇಳಿಸುವ ಕಾಲಕ್ಕೆ ಇಡೀ ಬೀದಿ ಕೆಮ್ಮುತ್ತದೆ, ಯಾಕೆಂದು ಹೇಳುವವರಿಲ್ಲ.

ಕಾಯಿಲೆಯೇ ಇಲ್ಲ ಎಂದು ತೋರಿಸಲು ಆ ಹುಡುಗಿಯ ತಾಯಿ ಮಾತ್ರೆ ನಿಲ್ಲಿಸಿದಳು. ಅದರಿಂದ ಏನಾಯಿತು ಎಂಬುದನ್ನು ನಾನು ಎರಡು ಹಾಳೆ ತುಂಬ ಬರೆದಿದ್ದೆ. ಆಮೇಲೆ ಅನ್ನಿಸಿತು — ಇದನ್ನು ಬರೆಯಲು, ನಿಮ್ಮ ಕೈಗೆ ಕೊಡಲು ಯಾರನ್ನು ಕೇಳಿದೆ? ಮತ್ತೆ ಅದೇ ಕೆಲಸ ಮಾಡುತ್ತಿದ್ದೇನಲ್ಲ, ಈ ಸಲ ಕಣ್ಣೀರು ಹಾಕಿಕೊಂಡು.

ನಿನ್ನೆ ಎಲ್ಲ ಹಾಳೆಗಳನ್ನು ತೆಗೆದುಕೊಂಡು ಆ ಹುಡುಗಿಯ ಹತ್ತಿರವೇ ಹೋದೆ. ಅವಳು ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ನಿಮಗೆ ಹೇಳುವುದಿಲ್ಲ. ಎಲ್ಲವನ್ನೂ ಓದಿ ಹೇಳಿದೆ. ಕೈಲಿದ್ದ ಕೆಲಸ ಬಿಡದೆ ಕೇಳಿದಳು.

"ನಮ್ಮವ್ವಂಗೆ ಮೇಡಂ ಮೇಲೇ ಸಿಟ್ಟಿತ್ತು, ಸಾಯೋಗಂಟ. ನಂಗೆ ನಿನ್ ಮೇಲಿತ್ತು ಜಯಕ್ಕ. ಇವತ್ ಬತ್ತಾಳೆ, ನಾಳೆ ಬತ್ತಾಳೆ ಅಂತ ಕಾದೆ. ಆಮೇಲ್ ಕಾಯೋದು ಬುಟ್ಬುಟ್ಟೆ."

ನಾನು ಆ ಎರಡು ಹಾಳೆಗಳನ್ನು ಬೇರೆ ಮಾಡಿ ಹಿಡಿದುಕೊಂಡೆ.

"ಮೊಮ್ಮಕ್ಳಿಗೆ ಹೇಳ್ಬೇಕು ಅಂತೀಯಾ? ಹೇಳ್ಕೋ. ನೀನ್ ಮಾಡಿದ್ದು ನಿಂದು, ಬರ್ಕೋ. ಇದು ನಂದು, ಕೊಡಿಲ್ಲಿ" ಎಂದು ಕೈ ಚಾಚಿದಳು.

ಎರಡು ಹಾಳೆಗಳನ್ನೂ ಕೊಟ್ಟೆ. ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಕೂತ್ಕೋ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಉಳಿದ ಹಾಳೆಗಳನ್ನು ಹಿಡಿದುಕೊಂಡು ಬಂದೆ.

ಆದ್ದರಿಂದ ನಿಮಗೆ ಸಿಗುವ ಈ ಬರಹದಲ್ಲಿ ನಾಲ್ಕನೆಯ ಹಾಳೆಯಾದ ಮೇಲೆ ಏಳನೆಯದು ಬರುತ್ತದೆ. ಕಳೆದುಹೋಗಿದೆ ಎಂದು ಹುಡುಕಬೇಡಿ. ಅವಳು ಯಾರೆಂದು ಊಹೆ ಮಾಡುತ್ತಾ ಊರಲ್ಲಿ ಮುಖ ಮುಖ ನೋಡಬೇಡಿ. ನನ್ನನ್ನು ಕೇಳಬೇಡಿ. ಕೇಳಿದರೂ ನಾನು ಹೇಳುವುದಿಲ್ಲ.